ಪತ್ತೇದಾರಿ ಕಾದಂಬರಿಯನ್ನು ಕಟ್ಟುವ ಬಗೆ: ಅಗಾಥಾ ಕ್ರಿಸ್ಟಿಯವರ ಟಿಪ್ಪಣಿ ಪುಸ್ತಕಗಳಿಂದ ಕಲಿಯಬಹುದಾದದ್ದು

ಪತ್ತೇದಾರಿ ಕಾದಂಬರಿ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಪತ್ತೇದಾರನನ್ನು. ಅವನ ಹೆಸರು, ಉಡುಪು, ಅಭ್ಯಾಸ, ಸಹಾಯಕ ಇವೆಲ್ಲವನ್ನೂ ತೀರ್ಮಾನಿಸಿಕೊಂಡು ಉತ್ಸಾಹದಿಂದ ಮೊದಲ ಅಧ್ಯಾಯಗಳನ್ನು ಬರೆಯುತ್ತಾರೆ; ಐದಾರು ಅಧ್ಯಾಯಗಳಾಗುವ ಹೊತ್ತಿಗೆ, ಕೊಲೆ ಹೇಗೆ ನಡೆಯಿತೆಂಬುದು ತಮಗೇ ಗೊತ್ತಿಲ್ಲವೆಂದು ಅರಿವಾಗಿ ಬರವಣಿಗೆ ನಿಂತುಹೋಗುತ್ತದೆ. ನನ್ನ ಎರಡು ಹಸ್ತಪ್ರತಿಗಳು ಹೀಗೆಯೇ ಅರ್ಧಕ್ಕೆ ನಿಂತವು. ಎಲ್ಲಿ ತಪ್ಪಿದೆ ಎಂಬುದು ನನಗೆ ತಿಳಿದದ್ದು ಅಗಾಥಾ ಕ್ರಿಸ್ಟಿಯವರ ಕಾದಂಬರಿಗಳನ್ನು ಓದಿದಾಗಲ್ಲ, ಅವರ ಮರಣಾನಂತರ 1977ರಲ್ಲಿ ಪ್ರಕಟವಾದ ಆತ್ಮಕಥೆಯನ್ನೂ ಅವರ ಟಿಪ್ಪಣಿ ಪುಸ್ತಕಗಳ ಮೇಲೆ ಜಾನ್ ಕರನ್ ಅವರು ನಡೆಸಿದ ಅಧ್ಯಯನವನ್ನೂ ಓದಿದಾಗ. ಕಾದಂಬರಿಗಳಲ್ಲಿ ಕಟ್ಟಡ ಮಾತ್ರ ಕಾಣುತ್ತದೆ. ಈ ಎರಡರಲ್ಲಿ ಅದಕ್ಕೆ ಹಾಕಿದ ಅಡಿಪಾಯವೂ ಕಾಣುತ್ತದೆ.

ಕ್ರಿಸ್ಟಿಯವರು ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ. ಬಾಲ್ಯದ ಓದೆಲ್ಲ ಬಹುಮಟ್ಟಿಗೆ ಮನೆಯಲ್ಲಿಯೇ ನಡೆಯಿತು. 1976ರ ಜನವರಿ 12ರಂದು ತೀರಿಕೊಳ್ಳುವ ಹೊತ್ತಿಗೆ ಅವರು 66 ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದರು. ಪೊಲೀಸ್ ಇಲಾಖೆಯೊಡನೆಯಾಗಲಿ ನ್ಯಾಯಾಲಯದೊಡನೆಯಾಗಲಿ ಅವರಿಗೆ ವೃತ್ತಿಯ ಸಂಬಂಧವಿರಲಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಔಷಧಗಳನ್ನು ತೂಗಿ ಬೆರೆಸುವ ಕೆಲಸ. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದೆಲ್ಲವೂ ಅಲ್ಲಿಂದಲೇ ಹೊರಡುತ್ತದೆ.

ಮುಂದೆ ಅವರ ಮೊದಲ ಕಾದಂಬರಿಯಲ್ಲಿ ವಿಷ ಹೇಗೆ ಕೆಲಸ ಮಾಡಿತೆಂಬುದನ್ನು ವಿವರಿಸಿದ್ದೇನೆ. ಕೊಲೆಗಾರ ಯಾರೆಂಬುದನ್ನು ಎಲ್ಲಿಯೂ ಹೇಳಿಲ್ಲ.

ಕೈಗೆ ಗೊತ್ತಿರುವುದರಿಂದ ಆರಂಭಿಸಿ

ಮೊದಲ ಮಹಾಯುದ್ಧ 1914ರಲ್ಲಿ ಆರಂಭವಾದಾಗ ಕ್ರಿಸ್ಟಿಯವರು ಟಾರ್ಕೀಯ ಪುರಭವನದಲ್ಲಿ ತೆರೆದಿದ್ದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿ ದಾದಿಯಾಗಿ ಸೇರಿದರು. ಕೆಲವು ಕಾಲದ ಬಳಿಕ ಅವರನ್ನು ಔಷಧ ವಿಭಾಗಕ್ಕೆ ಕಳುಹಿಸಲಾಯಿತು. ನಮ್ಮ ಹಳೆಯ ದವಾಖಾನೆಗಳಲ್ಲಿ ಕಾಂಪೌಂಡರ್ ಮಾಡುತ್ತಿದ್ದ ಕೆಲಸ ಅದು. ಅದಕ್ಕಾಗಿ ಓದಿ 1917ರಲ್ಲಿ ಔಷಧಗಾರರ ಸಂಘವಾದ ಅಪೋಥಿಕರೀಸ್ ಹಾಲ್‌ನ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಕೋಣೆಯಲ್ಲಿ ಕೆಲವೊಮ್ಮೆ ಕೈತುಂಬ ಕೆಲಸವಿರುತ್ತಿತ್ತು, ಕೆಲವೊಮ್ಮೆ ಇಡೀ ಮಧ್ಯಾಹ್ನ ಏನೂ ಇರುತ್ತಿರಲಿಲ್ಲ. ಸುತ್ತಲೂ ವಿಷದ ಸೀಸೆಗಳಿದ್ದುದರಿಂದ, ಬರೆಯುವ ಕಥೆಯಲ್ಲಿ ಕೊಲೆ ವಿಷದಿಂದಲೇ ಆಗಬೇಕೆಂದು ತಮಗೆ ತೋಚಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿನ್ನಿಂದ ಪತ್ತೇದಾರಿ ಕಥೆ ಬರೆಯಲಾಗದು ಎಂದು ಅಕ್ಕ ಮ್ಯಾಜ್ ಹಿಂದೊಮ್ಮೆ ಹೇಳಿದ್ದ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತು.

ಹೀಗೆ 1916ರಲ್ಲಿ ಬರೆದ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’. ಇದರಲ್ಲಿ ಮನೆಯೊಡತಿಯ ಸಾವಿಗೆ ಕಾರಣವಾದದ್ದು ಸ್ಟ್ರಿಕ್ನಿನ್. ನಮ್ಮ ಕರಾವಳಿಯ ಕಾಡುಗಳಲ್ಲಿಯೂ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷ ಅದು. ಆ ಕಾಲದಲ್ಲಿ ಇದನ್ನು ಅತಿ ಅಲ್ಪ ಪ್ರಮಾಣದಲ್ಲಿ ಶಕ್ತಿವರ್ಧಕ ಟಾನಿಕ್ಕಿಗೆ ಸೇರಿಸುತ್ತಿದ್ದರು. ಟಾನಿಕ್ಕಿಗೆ, ಆಗ ನಿದ್ದೆಗೆಂದು ಕೊಡುತ್ತಿದ್ದ ಬ್ರೋಮೈಡ್ ಪುಡಿ ಬೆರೆತರೆ ಸ್ಟ್ರಿಕ್ನಿನ್ ಕರಗಿದ ಸ್ಥಿತಿಯಲ್ಲಿ ಉಳಿಯದೆ ಹರಳುಗಟ್ಟಿ ಸೀಸೆಯ ತಳಕ್ಕೆ ಇಳಿಯುತ್ತದೆ. ದಿನವೂ ಕುಡಿದ ಗುಟುಕಿನಿಂದ ಏನೂ ಆಗುವುದಿಲ್ಲ, ಕೊನೆಯ ಗುಟುಕು ಪ್ರಾಣ ತೆಗೆಯುತ್ತದೆ. ಕೊಲೆಗಾರ ಹೊರಗಿನಿಂದ ವಿಷವನ್ನು ತಂದು ಹಾಕಬೇಕಾಗಿಲ್ಲ, ಸಾವಿನ ಹೊತ್ತಿಗೆ ಆ ಮನೆಯಲ್ಲಿರಬೇಕಾಗಿಯೂ ಇಲ್ಲ. ಎರಡು ಔಷಧಗಳನ್ನು ಒಟ್ಟಿಗೆ ಬೆರೆಸಬಾರದೆಂಬ ಈ ಎಚ್ಚರಿಕೆ ಔಷಧ ಬೆರೆಸಲು ಕಲಿಯುವವರ ಪಠ್ಯದಲ್ಲಿಯೇ ಇತ್ತು. ಕ್ರಿಸ್ಟಿಯವರಿಗೆ ಅದು ದಿನನಿತ್ಯದ ತಿಳಿವಳಿಕೆಯಾಗಿತ್ತು, ಓದುಗರಿಗೆ ಬೆರಗಾಗಿತ್ತು. ಔಷಧ ವೃತ್ತಿಯವರ ಪತ್ರಿಕೆಯಾದ ‘ಫಾರ್ಮಸ್ಯೂಟಿಕಲ್ ಜರ್ನಲ್’ ಈ ಕಾದಂಬರಿಯಲ್ಲಿ ವಿಷದ ವಿಚಾರವನ್ನು ಸರಿಯಾಗಿ ನಿರ್ವಹಿಸಿದ್ದನ್ನು ಮೆಚ್ಚಿ ಬರೆದಾಗ ಅವರಿಗೆ ಆದಷ್ಟು ಸಂತೋಷ ಬೇರೆ ಯಾವ ವಿಮರ್ಶೆಯಿಂದಲೂ ಆಗಲಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು, ನಿಮ್ಮ ವೃತ್ತಿಯಲ್ಲಿಯೋ ಮನೆತನದ ಕಸುಬಿನಲ್ಲಿಯೋ ನಿಮಗೆ ಸಾಮಾನ್ಯವೆನಿಸಿ ಹೊರಗಿನವರಿಗೆ ತಿಳಿಯದಿರುವ ಒಂದು ಸಂಗತಿಯನ್ನು ಕಂಡುಕೊಳ್ಳುವುದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಲಾಕರ್ ತೆರೆಯಲು ಗ್ರಾಹಕರ ಕೀಲಿಯೊಂದೇ ಸಾಲದು, ಬ್ಯಾಂಕಿನ ಕೀಲಿಯೂ ಬೇಕೆಂಬುದು ಗೊತ್ತು, ಆ ಹೊತ್ತಿಗೆ ನೋಂದಣಿ ಪುಸ್ತಕದಲ್ಲಿ ಏನು ದಾಖಲಾಗುತ್ತದೆಂಬುದೂ ಗೊತ್ತು. ಕಂದಾಯ ಇಲಾಖೆಯಲ್ಲಿದ್ದವರು ಪೌತಿ ಖಾತೆಯ ಒಂದು ಅರ್ಜಿಯಲ್ಲಿ ಇಡೀ ಕುಟುಂಬದ ವೈರವನ್ನು ಓದಬಲ್ಲರು. ಲೈನ್‌ಮನ್ ಆಗಿದ್ದವರಿಗೆ ಯಾವ ತಂತಿಯಲ್ಲಿ ಯಾವ ಗಳಿಗೆಯಲ್ಲಿ ವಿದ್ಯುತ್ ಇರಲಿಲ್ಲವೆಂಬುದು ತಿಳಿದಿರುತ್ತದೆ. ಇಂಥ ಒಂದು ಸಂಗತಿಯನ್ನು ಹಾಳೆಯ ಮೇಲೆ ಎರಡು ವಾಕ್ಯಗಳಲ್ಲಿ ಬರೆಯಿರಿ: ಒಂದು, ಹೊರಗಿನವರು ಏನೆಂದು ನಂಬಿದ್ದಾರೆ, ಇನ್ನೊಂದು, ವಾಸ್ತವವಾಗಿ ಏನು ನಡೆಯುತ್ತದೆ. ಆ ಎರಡರ ನಡುವಿನ ಅಂತರದಲ್ಲಿ ನಿಮ್ಮ ಕೊಲೆಗಾರ ಅಡಗಿಕೊಳ್ಳುತ್ತಾನೆ. ಅಂತರ ಸಿಗದಿದ್ದರೆ ಬೇರೆ ಸಂಗತಿಯನ್ನು ಹುಡುಕಬೇಕು; ಪತ್ತೇದಾರನ ಹೆಸರನ್ನು ಆಮೇಲೆ ಯೋಚಿಸಬಹುದು.

ಕೈಗೆ ಗೊತ್ತಿಲ್ಲದ್ದನ್ನು ಬರೆಯಬೇಕಾಗಿ ಬಂದಾಗ ಗೊತ್ತಿರುವವರನ್ನು ಕೇಳಬೇಕು. ಕ್ರಿಸ್ಟಿಯವರೂ ಒಮ್ಮೆ ಎಡವಿದರು. 1935ರ ‘ಡೆತ್ ಇನ್ ದಿ ಕ್ಲೌಡ್ಸ್’ ಕಾದಂಬರಿಯಲ್ಲಿ ವಿಮಾನದೊಳಗೆ ಸುಲಭವಾಗಿ ಬಚ್ಚಿಡಬಹುದಾದ ಊದುಗೊಳವೆಯೊಂದು ಬರುತ್ತದೆ. ಮುಂದೆ 1952ರ ‘ಮಿಸೆಸ್ ಮೆಗಿಂಟೀಸ್ ಡೆಡ್’ ಕಾದಂಬರಿಯಲ್ಲಿ, ತಮ್ಮದೇ ಪ್ರತಿರೂಪವೆಂಬಂತೆ ಸೃಷ್ಟಿಸಿದ್ದ ಲೇಖಕಿ ಏರಿಯಾಡ್ನಿ ಆಲಿವರ್ ಪಾತ್ರದ ಬಾಯಲ್ಲಿ, ತಾನು ಒಂದಡಿಯೆಂದು ಬರೆದ ಊದುಗೊಳವೆ ನಿಜವಾಗಿ ಆರಡಿ ಇರುತ್ತದೆಂದು ಆಮೇಲೆ ತಿಳಿಯಿತೆಂದು ಹೇಳಿಸಿದರು. ತಪ್ಪನ್ನು 17 ವರ್ಷಗಳ ಬಳಿಕ ಬಹಿರಂಗವಾಗಿ ಒಪ್ಪಿಕೊಂಡ ಈ ನಡೆ ನನಗೆ ಬಹಳ ಹಿಡಿಸಿದೆ.

ವಿವರ ನಿಖರವಾಗಿರಬೇಕೆಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿಯಲ್ಲಿ ಕ್ರಿಸ್ಟಿಯವರು ಥ್ಯಾಲಿಯಂ ಎಂಬ ಲೋಹದ ವಿಷದ ಲಕ್ಷಣಗಳನ್ನು, ಅದರಲ್ಲಿಯೂ ಕೂದಲು ಉದುರುವುದನ್ನು, ಸರಿಯಾಗಿ ವರ್ಣಿಸಿದ್ದರು. 1977ರಲ್ಲಿ ಕತಾರ್ ದೇಶದಿಂದ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಕರೆತಂದಿದ್ದ 19 ತಿಂಗಳ ಮಗುವಿನ ಕಾಯಿಲೆ ಏನೆಂದು ವೈದ್ಯರಿಗೆ ತಿಳಿಯದಿದ್ದಾಗ, ಆ ಕಾದಂಬರಿಯನ್ನು ಓದುತ್ತಿದ್ದ ದಾದಿಯೊಬ್ಬರು ಇದು ಥ್ಯಾಲಿಯಂ ವಿಷವಿರಬಹುದೆಂದು ಸೂಚಿಸಿದರು. ಪರೀಕ್ಷೆಯಿಂದ ಅದು ನಿಜವೆಂದು ತಿಳಿದು ಮಗುವಿಗೆ ಸರಿಯಾದ ಚಿಕಿತ್ಸೆ ದೊರೆಯಿತು.

ಓದುಗರಿಗೆ ತಪ್ಪು ಪ್ರಶ್ನೆಯನ್ನು ಕೊಡಿ

ಕೊಲೆಯ ವಿಧಾನ ಕೈಗೆ ಬಂದ ಮೇಲೆ ಅದನ್ನು ಮರೆಮಾಡುವುದು ಹೇಗೆ? ಹೊಸಬರು ಸುಳಿವನ್ನೇ ಬಚ್ಚಿಡುತ್ತಾರೆ, ಅಥವಾ ಸುಳ್ಳು ಸುಳಿವುಗಳನ್ನು ರಾಶಿ ಹಾಕುತ್ತಾರೆ. ಕ್ರಿಸ್ಟಿಯವರ ದಾರಿ ಬೇರೆ. ‘ಸ್ಟೈಲ್ಸ್’ ಕಾದಂಬರಿಯಲ್ಲಿ ಸತ್ತವರು ರಾತ್ರಿ ಕಾಫಿ ಕುಡಿದಿದ್ದರೇ, ಕೋಕೋ ಕುಡಿದಿದ್ದರೇ, ಯಾವ ಬಟ್ಟಲಲ್ಲಿ ವಿಷವಿತ್ತು, ಅದರ ಬಳಿ ಯಾರು ಸುಳಿದಾಡಿದರು ಎಂಬ ವಿಚಾರಣೆ ಪುಟಗಟ್ಟಲೆ ನಡೆಯುತ್ತದೆ. ಬ್ರೋಮೈಡ್ ಪುಡಿಯ ಖಾಲಿ ಡಬ್ಬಿ ಅಷ್ಟರಲ್ಲಿ ಓದುಗರ ಕಣ್ಣಮುಂದೆಯೇ ಬಂದು ಹೋಗಿರುತ್ತದೆ. ಯಾವ ಬಟ್ಟಲು ಎಂಬ ಪ್ರಶ್ನೆಯನ್ನು ಒಪ್ಪಿಕೊಂಡ ಓದುಗರಿಗೆ ಆ ಡಬ್ಬಿ ಕಂಡರೂ ಕಾಣುವುದಿಲ್ಲ. ಸುಳಿವು ಬಯಲಿನಲ್ಲಿದೆ, ಮುಚ್ಚಿರುವುದು ಸರಿಯಾದ ಪ್ರಶ್ನೆ ಮಾತ್ರ.

ಇದನ್ನು ಅಭ್ಯಾಸ ಮಾಡುವ ಬಗೆ ಹೀಗಿದೆ. ನಿಮ್ಮ ಕಥೆಯ ನಿಜವಾದ ಪ್ರಶ್ನೆಯನ್ನು ಬರೆಯಿರಿ; ‘ಸೀಸೆಗೆ ಪುಡಿಯನ್ನು ಯಾರು ಯಾವಾಗ ಸೇರಿಸಿದರು?’ ಎಂಬಂಥದ್ದು. ಅದರ ಪಕ್ಕದಲ್ಲಿ, ಸ್ಥಳಕ್ಕೆ ಬಂದ ಬುದ್ಧಿವಂತ ಇನ್‌ಸ್ಪೆಕ್ಟರ್ ಒಬ್ಬರು ಸಹಜವಾಗಿ ಕೇಳುವ, ಆದರೆ ತಪ್ಪಾದ ಪ್ರಶ್ನೆಯನ್ನು ಬರೆಯಿರಿ. ಆ ತಪ್ಪು ಪ್ರಶ್ನೆ ಮೂರ್ಖತನದ್ದಾಗಿರಬಾರದು. ಅದನ್ನು ಕೇಳದಿದ್ದರೆ ಇನ್‌ಸ್ಪೆಕ್ಟರ್ ಕರ್ತವ್ಯ ಮರೆತರೆಂದು ಅನಿಸುವಷ್ಟು ಬಲ ಅದಕ್ಕಿರಬೇಕು. ಆಮೇಲೆ ನಿಜವಾದ ಸುಳಿವನ್ನು, ಪಾತ್ರಗಳು ಬೇರೆ ಯಾವುದೋ ತೀವ್ರವಾದ ಮಾತಿನಲ್ಲಿ ಮುಳುಗಿರುವಾಗ, ಮೂರು ವಸ್ತುಗಳ ನಡುವಿನ ಒಂದು ವಸ್ತುವಾಗಿ ಹೆಸರಿಸಿ ಮುಂದೆ ಸಾಗಿ. ಸುಳಿವನ್ನು ಅಧ್ಯಾಯದ ಕೊನೆಯ ಸಾಲಿನಲ್ಲಿ ಇಡಬೇಡಿ, ಆ ಜಾಗಕ್ಕೆ ಓದುಗರ ನೆನಪು ತಾನಾಗಿ ಅಂಟಿಕೊಳ್ಳುತ್ತದೆ.

ನ್ಯಾಯದ ಮಾತನ್ನು ಇಲ್ಲಿಯೇ ಹೇಳಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದರು. 1930ರಲ್ಲಿ ಲಂಡನ್ನಿನಲ್ಲಿ ಆರಂಭವಾದ, ಪತ್ತೇದಾರಿ ಲೇಖಕರ ಕೂಟವಾದ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು, ತಮ್ಮ ಪತ್ತೇದಾರರು ದೈವದ ಪ್ರೇರಣೆಯನ್ನೋ ಆಕಸ್ಮಿಕವನ್ನೋ ನಂಬದೆ ಸ್ವಂತ ಬುದ್ಧಿಯಿಂದಲೇ ಅಪರಾಧವನ್ನು ಬಿಡಿಸುವರೆಂದೂ ಮುಖ್ಯವಾದ ಸುಳಿವನ್ನು ಓದುಗರಿಂದ ಮರೆಮಾಡುವುದಿಲ್ಲವೆಂದೂ ಪ್ರಮಾಣ ಮಾಡುತ್ತಿದ್ದರು. ಕ್ರಿಸ್ಟಿಯವರು ಆ ಕ್ಲಬ್ಬಿನ ಆರಂಭದ ಸದಸ್ಯರಲ್ಲೊಬ್ಬರು. 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬಂದಾಗ ಲೇಖಕಿ ಮೋಸ ಮಾಡಿದರೆಂದು ಕೆಲವರು ಆಕ್ಷೇಪಿಸಿದರು. ಅದನ್ನು ಎರಡನೆಯ ಬಾರಿ ಪೆನ್ಸಿಲ್ ಹಿಡಿದು ಓದಿ ನೋಡಿ. ಸುಳ್ಳಾದ ವಾಕ್ಯ ಒಂದೂ ಸಿಗುವುದಿಲ್ಲ. ಕೆಲವು ವಾಕ್ಯಗಳ ನಡುವೆ ಬಿಟ್ಟುಹೋದ ಸಮಯ ಮಾತ್ರ ಸಿಗುತ್ತದೆ. ಪತ್ತೇದಾರಿ ಕಾದಂಬರಿ ಬರೆಯಲು ಕಲಿಯುವವರಿಗೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಕಂಡಿಲ್ಲ. ನಿಮ್ಮ ಹಸ್ತಪ್ರತಿ ಮುಗಿದಾಗ ನಿರೂಪಕರ ಪ್ರತಿಯೊಂದು ವಾಕ್ಯವನ್ನೂ ‘ಕೊಲೆಗಾರ ಯಾರೆಂದು ತಿಳಿದ ಮೇಲೂ ಇದು ನಿಜವೇ?’ ಎಂದು ಕೇಳಿ ಪರೀಕ್ಷಿಸಿ, ನಿಜವಲ್ಲದ್ದನ್ನು ತೆಗೆದುಹಾಕಿ.

ಪಾತ್ರಗಳು ಎಲ್ಲಿ ಸಿಗುತ್ತವೆ

ಪರಿಚಿತರನ್ನು ಪಾತ್ರಗಳನ್ನಾಗಿ ಮಾಡಲು ಕ್ರಿಸ್ಟಿಯವರು ಯತ್ನಿಸಿ ಸೋತರು. ಚೆನ್ನಾಗಿ ಬಲ್ಲವರನ್ನು ಕೊಲೆಗಾರರನ್ನಾಗಿ ಕಲ್ಪಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ, ಒಪ್ಪಿದರೂ ಅವರು ಕಥೆಗೆ ಬೇಕಾದಂತೆ ನಡೆದುಕೊಳ್ಳುವುದಿಲ್ಲ. ಒಮ್ಮೆ ಟ್ರಾಮಿನಲ್ಲಿ, ಕಪ್ಪು ಗಡ್ಡದ ಒಬ್ಬ ವ್ಯಕ್ತಿಯ ಪಕ್ಕದಲ್ಲಿ ಕುಳಿತು ಒಂದೇ ಸಮನೆ ಮಾತನಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಅವರ ಕಣ್ಣಿಗೆ ಬಿದ್ದರು. ಆ ಗಡ್ಡ ಮೊದಲ ಕಾದಂಬರಿಗೆ ಬಂತು. ಬಸ್ಸಿನಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನಲ್ಲಿ, ಮದುವೆ ಛತ್ರದ ಊಟದ ಸಾಲಿನಲ್ಲಿ ಹೆಸರು ತಿಳಿಯದ ಇಬ್ಬರನ್ನು ಹತ್ತು ನಿಮಿಷ ನೋಡಿ ಬಂದರೆ ಸಾಕು. ಅವರ ಬದುಕಿನ ಬಗ್ಗೆ ನಿಮಗೆ ಏನೂ ತಿಳಿದಿಲ್ಲವಾದ್ದರಿಂದ ಎಲ್ಲವನ್ನೂ ನೀವೇ ಕಟ್ಟಬಹುದು, ಯಾರ ಮನಸ್ಸನ್ನೂ ನೋಯಿಸುವ ಭಯವೂ ಇರುವುದಿಲ್ಲ.

ಅವರ ಪತ್ತೇದಾರ ಎರ್ಕ್ಯೂಲ್ ಪೊಯರೊ ಹುಟ್ಟಿದ್ದು ಟಾರ್ಕೀಯ ಸುತ್ತಮುತ್ತ ಯುದ್ಧಕಾಲದಲ್ಲಿ ನೆಲೆಸಿದ್ದ ಬೆಲ್ಜಿಯಂ ನಿರಾಶ್ರಿತರನ್ನು ಕಂಡಾಗ. ನಿವೃತ್ತ ಬೆಲ್ಜಿಯನ್ ಪೊಲೀಸ್ ಅಧಿಕಾರಿಯೊಬ್ಬ ಅವರ ನಡುವೆ ಇರಬಾರದೇಕೆ ಎಂದು ಅವರು ಯೋಚಿಸಿದರು. ಪರದೇಶದವನಾದ್ದರಿಂದ ಮನೆಯವರು ಅವನನ್ನು ಹಗುರವಾಗಿ ಕಾಣುತ್ತಾರೆ, ಅವನೆದುರು ಎಚ್ಚರ ತಪ್ಪಿ ಮಾತನಾಡುತ್ತಾರೆ. ಅವರ ಇನ್ನೊಂದು ಪತ್ತೇದಾರಿ ಪಾತ್ರವಾದ ಮಿಸ್ ಮಾರ್ಪಲ್‌ಳ ಗುಟ್ಟೂ ಇದೇ: ಹಳ್ಳಿಯ ಮುದುಕಿಯೊಬ್ಬಳು ಹೆಣಿಗೆ ಹಾಕುತ್ತ ಕುಳಿತಿದ್ದರೆ ಯಾರು ಗಮನಿಸುತ್ತಾರೆ? ಎಲ್ಲರಿಂದಲೂ ಕೆಟ್ಟದ್ದನ್ನೇ ನಿರೀಕ್ಷಿಸಿ ಬಹಳಷ್ಟು ಸಲ ಸರಿಯಾಗುತ್ತಿದ್ದ ತಮ್ಮ ಅಜ್ಜಿಯ ಸ್ವಭಾವದ ಒಂದು ಎಳೆಯನ್ನು ಕ್ರಿಸ್ಟಿಯವರು ಆ ಪಾತ್ರಕ್ಕೆ ಕೊಟ್ಟರು. ಪತ್ತೇದಾರರನ್ನು ಸೃಷ್ಟಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇವರೆದುರು ಜನ ಏಕೆ ಬಾಯಿ ಬಿಡುತ್ತಾರೆ ಎಂಬುದು. ಓಣಿಯಲ್ಲಿ ಹೂ ಮಾರುವ ಹೆಂಗಸು, ನಿವೃತ್ತ ಅಂಚೆಯಣ್ಣ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಇವರೆಲ್ಲರ ಬಳಿಯೂ ಅದಕ್ಕೆ ಉತ್ತರವಿದೆ. ಆದರೆ ವಯಸ್ಸನ್ನು ಯೋಚಿಸಿ ಗೊತ್ತುಮಾಡಿ. ಪೊಯರೊನನ್ನು ಮೊದಲ ಪುಸ್ತಕದಲ್ಲಿಯೇ ನಿವೃತ್ತನನ್ನಾಗಿ ಮಾಡಿದ್ದಕ್ಕೆ ಕ್ರಿಸ್ಟಿಯವರು ಮುಂದೆ ಪರಿತಪಿಸಿದರು. ಲೆಕ್ಕ ಹಾಕಿದರೆ ಕೊನೆಯ ಪುಸ್ತಕಗಳ ಹೊತ್ತಿಗೆ ಅವನಿಗೆ ನೂರು ವರ್ಷ ದಾಟಿರಬೇಕಿತ್ತು.

ಟಿಪ್ಪಣಿ ಪುಸ್ತಕ

ಕ್ರಿಸ್ಟಿಯವರ 73 ಟಿಪ್ಪಣಿ ಪುಸ್ತಕಗಳು ಉಳಿದಿವೆ. 1938ರಲ್ಲಿ ಅವರು ಕೊಂಡ ಡೆವನ್ನಿನ ಗ್ರೀನ್‌ವೇ ಮನೆಯಲ್ಲಿದ್ದ ಇವುಗಳನ್ನು ಅಧ್ಯಯನ ಮಾಡಿ ಕರನ್ ಅವರು 2009ರಲ್ಲಿ ಪುಸ್ತಕ ಪ್ರಕಟಿಸಿದರು. ಅವುಗಳಲ್ಲಿ ಕ್ರಮವೆಂಬುದು ಕಾಣುವುದಿಲ್ಲ. ಶಾಲಾ ಮಕ್ಕಳು ಬಳಸುವಂಥ ನೋಟ್‌ಬುಕ್ಕುಗಳು, ಹೆಚ್ಚಿನವುಗಳ ಮೇಲೆ ದಿನಾಂಕವಿಲ್ಲ. ಒಂದೇ ಪುಸ್ತಕದಲ್ಲಿ ಹಲವು ಕಾದಂಬರಿಗಳ ಟಿಪ್ಪಣಿ, ಒಂದೇ ಕಾದಂಬರಿಯ ಟಿಪ್ಪಣಿ ಹಲವು ಪುಸ್ತಕಗಳಲ್ಲಿ, ನಡುವೆ ಇಸ್ಪೀಟಿನಾಟದ ಅಂಕಗಳು, ಕೊಳ್ಳಬೇಕಾದ ಸಾಮಾನಿನ ಪಟ್ಟಿ. ಏಕಕಾಲಕ್ಕೆ ತಮ್ಮ ಕೈಯಲ್ಲಿ ಐದಾರು ನೋಟ್‌ಬುಕ್ಕುಗಳಿರುತ್ತಿದ್ದವೆಂದು ಅವರೇ ಬರೆದಿದ್ದಾರೆ.

ಕೊಲೆಯ ವಿಧಾನವನ್ನು ಮೊದಲು ಗೊತ್ತುಮಾಡಿಕೊಳ್ಳಿ ಎಂದು ಮೇಲೆ ಹೇಳಿದೆ. ಕೊಲೆಗಾರ ಯಾರೆಂಬುದನ್ನೂ ಮೊದಲ ದಿನವೇ ತೀರ್ಮಾನಿಸಬೇಕೇ? ನಾನು ಬಹುಕಾಲ ಹಾಗೆಂದೇ ನಂಬಿದ್ದೆ. ಈ ಪುಸ್ತಕಗಳು ಆ ನಂಬಿಕೆಯನ್ನು ಬದಲಾಯಿಸಿದವು. ಒಂದೇ ಕಥೆಗೆ ಇವನು ಕೊಲೆಗಾರನಾದರೆ ಹೇಗೆ, ಇವಳಾದರೆ ಹೇಗೆ ಎಂದು ಕ್ರಿಸ್ಟಿಯವರು ಒಂದರ ಕೆಳಗೊಂದು ಸಾಧ್ಯತೆಗಳನ್ನು ಬರೆಯುತ್ತ ಹೋಗುತ್ತಾರೆ, ತಮಗೆ ತಾವೇ ಪ್ರಶ್ನೆ ಹಾಕಿಕೊಳ್ಳುತ್ತಾರೆ, ಕೆಲವನ್ನು ಹೊಡೆದುಹಾಕುತ್ತಾರೆ. ಟಿಪ್ಪಣಿಯಲ್ಲಿ ಎಲ್ಲವೂ ಸಡಿಲ. ಟೈಪ್‌ರೈಟರ್ ಮುಂದೆ ಕುಳಿತ ಮೇಲೆ ಬಿಗಿ. ಹೀಗೆ ಪರೀಕ್ಷಿಸಿ ಕೈಬಿಟ್ಟ ಪ್ರತಿಯೊಂದು ಸಾಧ್ಯತೆಯೂ ಮುಂದೆ ಕಾದಂಬರಿಯಲ್ಲಿ ನಂಬಲರ್ಹವಾದ ಒಂದು ಸಂಶಯವಾಗಿ ಉಪಯೋಗಕ್ಕೆ ಬರುತ್ತದೆಂಬುದು ನಾನು ಬರೆದು ಕಂಡುಕೊಂಡ ಸಂಗತಿ. ಸಂಶಯಿತರಿಗೆ ಬೇರೆ ಬೇರೆ ಉದ್ದೇಶಗಳನ್ನು ಹೊಸದಾಗಿ ಹೊಸೆಯುವ ಕಷ್ಟವೇ ಉಳಿಯುವುದಿಲ್ಲ.

ಅವರ ಇನ್ನೊಂದು ಕ್ರಮವನ್ನು ಹಾಗೆಯೇ ಅನುಸರಿಸಬಹುದು. ದೃಶ್ಯಗಳನ್ನು ಪಟ್ಟಿ ಮಾಡಿ ಒಂದೊಂದಕ್ಕೂ ಎ, ಬಿ, ಸಿ ಎಂದು ಅಕ್ಷರ ಕೊಡುತ್ತಿದ್ದರು. ಆಮೇಲೆ ಅಕ್ಷರಗಳನ್ನು ಮಾತ್ರ ಹಿಂದುಮುಂದಾಗಿ ಜೋಡಿಸಿ ನೋಡುತ್ತಿದ್ದರು. ನಾವು ಅ, ಆ, ಇ ಎಂದು ಬರೆದು ಕಾಗದದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಳ್ಳಬಹುದು. ಎರಡು ಸಾಲು ಚೀಟಿಗಳನ್ನು ಮಾಡಿ: ಒಂದರಲ್ಲಿ ಘಟನೆಗಳು ನಡೆದ ಕ್ರಮ, ಇನ್ನೊಂದರಲ್ಲಿ ಅವು ಓದುಗರಿಗೆ ತಿಳಿಯುವ ಕ್ರಮ. ಎರಡೂ ಸಾಲುಗಳು ಒಂದೇ ಆಗಿದ್ದರೆ ನಿಮ್ಮ ಕೈಯಲ್ಲಿ ಅಪರಾಧದ ಕಥೆಯಿದೆಯೇ ಹೊರತು ಪತ್ತೇದಾರಿ ಕಥೆಯಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದದ್ದು ಎಷ್ಟು ವರ್ಷಗಳ ಮೇಲೆ ಫಲ ಕೊಟ್ಟೀತೆಂದು ಹೇಳಲಾಗದು. ಕ್ರಿಸ್ಟಿಯವರಿಗೆ ಟಾರ್ಕೀಯಲ್ಲಿ ಔಷಧಶಾಸ್ತ್ರವನ್ನು ಹೇಳಿಕೊಟ್ಟ ಅಂಗಡಿಯವರೊಬ್ಬರು ಒಂದು ಸಲ ದಶಮಾಂಶ ಬಿಂದುವನ್ನು ತಪ್ಪಾಗಿಟ್ಟು, ಗುದದ್ವಾರದಲ್ಲಿ ಇಡುವ ಔಷಧದ ಬತ್ತಿಗಳಲ್ಲಿ (ಸಪೊಸಿಟರಿ) ಹತ್ತು ಪಟ್ಟು ಹೆಚ್ಚು ಪ್ರಮಾಣವನ್ನು ಸೇರಿಸಿಬಿಟ್ಟಿದ್ದರು. ಹಿರಿಯರ ತಪ್ಪನ್ನು ಎದುರಿಗೆ ಎತ್ತಿ ತೋರಿಸಲಾರದ ಆ ವಿದ್ಯಾರ್ಥಿನಿ ಎಡವಿದಂತೆ ನಟಿಸಿ, ತಟ್ಟೆಯನ್ನು ಉರುಳಿಸಿ, ಬತ್ತಿಗಳನ್ನು ಕಾಲಿನಿಂದ ತುಳಿದು ಹಾಳುಮಾಡಿದರು. ಅದೇ ವ್ಯಕ್ತಿ ಜೇಬಿನಿಂದ ಕ್ಯುರಾರೆ ವಿಷದ ತುಂಡೊಂದನ್ನು ತೆಗೆದು ತೋರಿಸಿ, ಇದು ಬಳಿಯಲ್ಲಿದ್ದರೆ ತನಗೆ ಶಕ್ತಿವಂತನೆನಿಸುತ್ತದೆ ಎಂಬರ್ಥದ ಮಾತನ್ನಾಡಿದ್ದರು. ಆ ನೆನಪು ಅವರ ಮನಸ್ಸಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಉಳಿದು ‘ದಿ ಪೇಲ್ ಹಾರ್ಸ್’ ಕಾದಂಬರಿಗೆ ಬೀಜವಾಯಿತು. ದಿನಕ್ಕೆ ಎರಡು ಸಾಲಾದರೂ ಬರೆದಿಡಿ, ಅದು ಯಾವ ಕಥೆಗೆಂದು ಆಗಲೇ ಕೇಳಿಕೊಳ್ಳಬೇಡಿ.

ಕಾನೂನನ್ನು ತಿಳಿದುಕೊಳ್ಳಿ

‘ಸ್ಟೈಲ್ಸ್’ ಕಾದಂಬರಿಯ ಮೊದಲ ರೂಪದಲ್ಲಿ ಪೊಯರೊ ರಹಸ್ಯವನ್ನು ಬಿಡಿಸುವುದು ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ. ಸಾಕ್ಷಿಯೊಬ್ಬನಿಗೆ ಹೀಗೆ ದೀರ್ಘವಾಗಿ ಭಾಷಣ ಮಾಡಲು ಯಾವ ನ್ಯಾಯಾಲಯವೂ ಬಿಡುವುದಿಲ್ಲವಾದ್ದರಿಂದ ಆ ಅಧ್ಯಾಯವನ್ನು ಬದಲಾಯಿಸಬೇಕೆಂದು ಪ್ರಕಾಶಕ ಜಾನ್ ಲೇನ್ ಹೇಳಿದರು. ಕ್ರಿಸ್ಟಿಯವರು ಮಾತನ್ನು ಒಪ್ಪಿ, ಎಲ್ಲರನ್ನೂ ಮನೆಯ ಕೋಣೆಯೊಂದರಲ್ಲಿ ಸೇರಿಸಿ ವಿವರಿಸುವಂತೆ ತಿದ್ದಿ ಬರೆದರು. ಇಡೀ ಪ್ರಕಾರದ ಗುರುತೇ ಆಗಿಹೋದ ಆ ಕೊನೆಯ ಸಭೆಯನ್ನು ಅವರು ಅಪ್ಪಿಕೊಂಡದ್ದು ಹೀಗೆ.

ಇಂದಿನ ಕರ್ನಾಟಕದಲ್ಲಿ ಕಥೆ ನಡೆಸುವವರು ಆ ಸಭೆಯನ್ನು ಹಾಗೆಯೇ ತಂದಿಟ್ಟರೆ ತೊಡಕಾಗುತ್ತದೆ. 2024ರ ಜುಲೈ 1ರಿಂದ ಹಳೆಯ ಮೂರು ಕಾನೂನುಗಳ ಜಾಗಕ್ಕೆ ಹೊಸವು ಬಂದಿವೆ. ಕೊಲೆಗೆ ಶಿಕ್ಷೆ ಹೇಳುವ ಕಲಂ ಈಗ ಹಳೆಯ ಭಾರತೀಯ ದಂಡ ಸಂಹಿತೆಯ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಅನುಮಾನಾಸ್ಪದ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಡಿ ನಡೆಯುತ್ತದೆ. ಠಾಣೆಯಲ್ಲಿ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಪಂಚರ ಸಮ್ಮುಖದಲ್ಲಿ ಶವ ಪಂಚನಾಮೆಯೂ ಸ್ಥಳ ಮಹಜರೂ ನಡೆಯುತ್ತವೆ, ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಒಳಾಂಗಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ಆ ವರದಿ ಮರುದಿನ ಬರುವುದಿಲ್ಲ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಂ ಬಿಡುವುದಿಲ್ಲ. ಆದರೆ ಬಂಧಿತನು ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ರುಜುವಾತುಪಡಿಸಬಹುದು. ಇವು ಕಥೆಗೆ ಅಡ್ಡಿಯಲ್ಲ, ಕಥೆಯ ಮೂಲದ್ರವ್ಯ. ಒಳಾಂಗಗಳ ವರದಿ ಬರುವವರೆಗಿನ ವಾರಗಳಲ್ಲಿ ಮನೆಯೊಳಗೆ ಏನು ನಡೆಯುತ್ತದೆ ಎಂಬುದೊಂದೇ ಒಂದು ಕಾದಂಬರಿಗೆ ಸಾಕಾಗುತ್ತದೆ. ಪತ್ತೇದಾರ ಆರೋಪಿಯ ಬಾಯಿ ಬಿಡಿಸಿದರೆ ಸಾಲದು, ಬಾವಿಯಲ್ಲಿ ಎಸೆದ ವಸ್ತುವನ್ನು ಅವನೇ ತೋರಿಸುವಂತೆ ಮಾಡಬೇಕು ಎಂಬ ಒತ್ತಡದಿಂದ ಕೊನೆಯ ಅಧ್ಯಾಯಕ್ಕೆ ಎಂಥ ಬಿಗಿ ಬರುತ್ತದೆಂದು ಬರೆದು ನೋಡಿದರೆ ತಿಳಿಯುತ್ತದೆ.

ಬರೆಯುವ ಜಾಗ, ಬರೆಯುವ ದಿನ

ಕ್ರಿಸ್ಟಿಯವರಿಗೆ ಬರೆಯಲೆಂದೇ ಮೀಸಲಾದ ಕೋಣೆ ಬಹುಕಾಲ ಇರಲಿಲ್ಲ. ಗಟ್ಟಿಯಾದ ಒಂದು ಮೇಜು ಮತ್ತು ಟೈಪ್‌ರೈಟರ್ ಇದ್ದರೆ ಸಾಕಾಗಿತ್ತು. ಮುಖ ತೊಳೆಯುವ ಅಮೃತಶಿಲೆಯ ಮೇಜಾದರೂ ಆಗುತ್ತಿತ್ತು. ಮೊದಲ ಕಾದಂಬರಿ ನಡುವೆ ಸಿಕ್ಕಿಹಾಕಿಕೊಂಡಾಗ ತಾಯಿಯ ಸಲಹೆಯಂತೆ ರಜೆ ಹಾಕಿ ಡಾರ್ಟ್‌ಮೂರಿನ ಹೇಟಾರ್‌ನಲ್ಲಿದ್ದ ಹೋಟೆಲೊಂದರಲ್ಲಿ ಎರಡು ವಾರ ತಂಗಿದರು. ಬೆಳಗ್ಗೆ ಕೈ ನೋಯುವವರೆಗೆ ಬರೆದು, ಮಧ್ಯಾಹ್ನ ಬಯಲಿನಲ್ಲಿ ಒಬ್ಬರೇ ನಡೆಯುತ್ತ ಮುಂದಿನ ಅಧ್ಯಾಯದ ಸಂಭಾಷಣೆಯನ್ನು ಎಲ್ಲ ಪಾತ್ರಗಳ ಪರವಾಗಿ ಬಾಯಿಬಿಟ್ಟು ಆಡಿ ನೋಡುತ್ತಿದ್ದರು. ಸಂಭಾಷಣೆಯನ್ನು ಗಟ್ಟಿಯಾಗಿ ಆಡಿ ನೋಡುವ ಈ ಅಭ್ಯಾಸ ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಮುಖ್ಯ. ಧಾರವಾಡದ ಅಜ್ಜಿಯೂ ಮಂಗಳೂರಿನ ಅಳಿಯನೂ ಒಂದೇ ಕನ್ನಡವನ್ನು ಆಡಿದರೆ ಓದುಗರು ಕೊಲೆಯ ಮಾತಿರಲಿ, ಆ ಮನೆಯನ್ನೇ ನಂಬುವುದಿಲ್ಲ.

1926 ಅವರ ಬದುಕಿನ ಕಠಿಣ ವರ್ಷ. ತಾಯಿ ತೀರಿಕೊಂಡರು, ಗಂಡ ಇನ್ನೊಬ್ಬಳನ್ನು ಪ್ರೀತಿಸಿರುವುದಾಗಿ ಹೇಳಿದನು, ಡಿಸೆಂಬರ್ 3ರ ರಾತ್ರಿ ಮನೆಬಿಟ್ಟ ಅವರು 11 ದಿನಗಳ ಬಳಿಕ ಹ್ಯಾರೋಗೇಟ್‌ನ ಹೋಟೆಲೊಂದರಲ್ಲಿ ಪತ್ತೆಯಾದರು. ಆ ದಿನಗಳ ಬಗ್ಗೆ ಅವರು ಆತ್ಮಕಥೆಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ, ನಾವೂ ಅದನ್ನು ಕೆದಕಬೇಕಾಗಿಲ್ಲ. ನಮಗೆ ಬೇಕಾದದ್ದು ಅದರ ನಂತರದ ಸಂಗತಿ. ಕೈಯಲ್ಲಿ ಹಣವಿಲ್ಲದೆ, ಮಗಳನ್ನು ಜೊತೆಯಲ್ಲಿಟ್ಟುಕೊಂಡು, ಬರೆಯುವ ಮನಸ್ಸು ಎಳ್ಳಷ್ಟೂ ಇಲ್ಲದ ಸ್ಥಿತಿಯಲ್ಲಿ ಕೆನರಿ ದ್ವೀಪಗಳಲ್ಲಿ ಕುಳಿತು ‘ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೇನ್’ ಕಾದಂಬರಿಯನ್ನು ಅವರು ಬರೆದು ಮುಗಿಸಿದರು. ಅದು 1928ರಲ್ಲಿ ಬಂತು. ಆ ಪುಸ್ತಕ ಅವರಿಗೆ ಎಂದೂ ಇಷ್ಟವಾಗಲಿಲ್ಲ. ಆದರೆ ಹವ್ಯಾಸಿಯಾಗಿದ್ದ ತಾನು ವೃತ್ತಿಪರ ಲೇಖಕಿಯಾದದ್ದು ಆಗಲೇ ಎಂದು ಅವರು ಹೇಳಿದ್ದಾರೆ: ಇಷ್ಟವಿಲ್ಲದಾಗಲೂ, ಬರೆಯುತ್ತಿರುವುದು ಚೆನ್ನಾಗಿಲ್ಲವೆಂದು ಅನಿಸುತ್ತಿರುವಾಗಲೂ ಬರೆಯಬೇಕಾದ ಹೊರೆಯನ್ನು ಹೊತ್ತುಕೊಂಡ ಗಳಿಗೆ ಅದು. ಪತ್ತೇದಾರಿ ಕಾದಂಬರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ, ಏಕೆಂದರೆ ಇಲ್ಲಿ ನಡುವಿನ ವಿಚಾರಣೆಯ ಅಧ್ಯಾಯಗಳು ಸ್ಫೂರ್ತಿಯಿಂದ ಬರುವಂಥವಲ್ಲ. ಚೀಟಿಗಳ ಸಾಲನ್ನು ಎದುರಿಗಿಟ್ಟುಕೊಂಡು ದಿನಕ್ಕೊಂದರಂತೆ ತೀರಿಸಬೇಕಾದ ಕೆಲಸ.

ಸ್ಥಳದ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಯಮ ಹಿಂದಿನದೇ. 1930ರಲ್ಲಿ ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ ಅವರನ್ನು ಮದುವೆಯಾದ ಬಳಿಕ ಕ್ರಿಸ್ಟಿಯವರು ಇರಾಕ್ ಮತ್ತು ಸಿರಿಯಾದ ಉತ್ಖನನಗಳಿಗೆ ಜೊತೆಯಾಗಿ ಹೋದರು, ನಿಮ್ರುದ್‌ನಲ್ಲಿ ಸಿಕ್ಕ ದಂತದ ಕೆತ್ತನೆಗಳನ್ನು ತಮ್ಮ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಒರೆಸಿ ಶುಚಿಗೊಳಿಸಿದರು. ಉತ್ಖನನದವರ ಮನೆಯಲ್ಲಿ ನಡೆಯುವ ಕೊಲೆಯ ಕಥೆ 1936ರಲ್ಲಿ ಬಂತು. ಗ್ರೀನ್‌ವೇ ಮನೆಯ ದೋಣಿಮನೆ 1956ರ ಕಾದಂಬರಿಯೊಂದರಲ್ಲಿ ಕೊಲೆಯ ಜಾಗವಾಯಿತು. ಹೊರಗಿನವರು ಸುಲಭವಾಗಿ ಬರಲಾಗದ, ಒಳಗಿನವರು ಸುಲಭವಾಗಿ ಹೋಗಲಾಗದ, ನೀವು ಕಣ್ಣುಮುಚ್ಚಿ ನಡೆದಾಡಬಲ್ಲ ಜಾಗವೇ ಸರಿಯಾದ ಜಾಗ. ಆಷಾಢದ ಮಳೆಯಲ್ಲಿ ಸೇತುವೆ ಮುಳುಗಿದ ಮಲೆನಾಡಿನ ತೋಟದ ಮನೆ ನಮಗೆ ಸಾಕು; ಕ್ರಿಸ್ಟಿಯವರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಕಾದಂಬರಿಯಂತೆ ಹಿಮದಲ್ಲಿ ನಿಂತ ರೈಲು ಬೇಕಿಲ್ಲ.

ಕರಾರು

ಹಲವು ಪ್ರಕಾಶಕರು ಹಿಂದಿರುಗಿಸಿದ ಮೇಲೆ ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ‘ಸ್ಟೈಲ್ಸ್’ ಹಸ್ತಪ್ರತಿಯನ್ನು ಒಪ್ಪಿಕೊಂಡಾಗ ಕ್ರಿಸ್ಟಿಯವರು ಸಂತೋಷದ ಭರದಲ್ಲಿ ಕರಾರಿಗೆ ಸಹಿ ಹಾಕಿದರು. 2,000 ಪ್ರತಿಗಳು ಮಾರಾಟವಾಗುವವರೆಗೆ ಲೇಖಕಿಗೆ ಗೌರವಧನವಿಲ್ಲ, ಧಾರಾವಾಹಿ ಹಕ್ಕಿನಲ್ಲಿ ಅರ್ಧ ಪಾಲು ಪ್ರಕಾಶಕರಿಗೆ, ಮುಂದಿನ ಐದು ಕಾದಂಬರಿಗಳನ್ನೂ ಅವರಿಗೇ ಮೊದಲು ಕೊಡಬೇಕು ಎಂದಿತ್ತು. 1920ರಲ್ಲಿ ಅಮೆರಿಕದಲ್ಲಿಯೂ 1921ರಲ್ಲಿ ಇಂಗ್ಲೆಂಡಿನಲ್ಲಿಯೂ ಪ್ರಕಟವಾದ ಆ ಪುಸ್ತಕದಿಂದ ಅವರ ಕೈಗೆ ಬಂದದ್ದು 25 ಪೌಂಡ್, ಅದೂ ಧಾರಾವಾಹಿಯ ಪಾಲಿನಿಂದ. ಕೆಲವೇ ವರ್ಷಗಳಲ್ಲಿ ‘ಈವನಿಂಗ್ ನ್ಯೂಸ್’ ಪತ್ರಿಕೆ ‘ದಿ ಮ್ಯಾನ್ ಇನ್ ದಿ ಬ್ರೌನ್ ಸೂಟ್’ ಕಾದಂಬರಿಯ ಧಾರಾವಾಹಿ ಹಕ್ಕಿಗೆ 500 ಪೌಂಡ್ ಕೊಟ್ಟಿತು, ಆ ಹಣದಲ್ಲಿ ಅವರು ಮೋರಿಸ್ ಕೌಲಿ ಕಾರನ್ನು ಕೊಂಡರು. ಅಷ್ಟರಲ್ಲಿ ಎಡ್ಮಂಡ್ ಕಾರ್ಕ್ ಎಂಬ ಸಾಹಿತ್ಯ ಏಜೆಂಟರ ನೆರವನ್ನು ಪಡೆದಿದ್ದರು. ಹಳೆಯ ಕರಾರು ತೀರಿದ ಕೂಡಲೇ ಕಾಲಿನ್ಸ್ ಸಂಸ್ಥೆಗೆ ಹೋದರು.

ನಮ್ಮಲ್ಲಿ ಸಾಹಿತ್ಯ ಏಜೆಂಟರ ಪದ್ಧತಿ ಬೆಳೆದಿಲ್ಲವಾದ್ದರಿಂದ ಆ ಎಚ್ಚರವನ್ನು ಲೇಖಕರೇ ವಹಿಸಬೇಕು. ಮುದ್ರಣ, ವಾರಪತ್ರಿಕೆಯ ಧಾರಾವಾಹಿ, ಅನುವಾದ, ಇ-ಪುಸ್ತಕ, ಆಡಿಯೋ ಪುಸ್ತಕ, ನಾಟಕ, ಚಲನಚಿತ್ರ ಮತ್ತು ವೆಬ್ ಸರಣಿ ಇವು ಒಂದೊಂದೂ ಬೇರೆ ಬೇರೆ ಹಕ್ಕು. ‘ಎಲ್ಲ ಹಕ್ಕುಗಳು’ ಎಂಬ ಎರಡು ಪದಗಳಲ್ಲಿ ಎಲ್ಲವನ್ನೂ ಬರೆದುಕೊಡಬೇಡಿ, ಪ್ರತಿಯೊಂದಕ್ಕೂ ಅವಧಿಯನ್ನು ನಮೂದಿಸಿ. ‘ದಿ ಮೌಸ್‌ಟ್ರ್ಯಾಪ್’ ನಾಟಕದ ಹಕ್ಕನ್ನು ಕ್ರಿಸ್ಟಿಯವರು ಒಂಬತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಮೊಮ್ಮಗನಿಗೆ ಕೊಟ್ಟರು. 1952ರ ನವೆಂಬರ್ 25ರಂದು ಲಂಡನ್ನಿನ ಆಂಬಾಸಿಡರ್ಸ್ ರಂಗಮಂದಿರದಲ್ಲಿ ತೆರೆಕಂಡ ಆ ನಾಟಕ ಕೆಲವು ತಿಂಗಳು ನಡೆದೀತೆಂದು ಅವರು ಅಂದಾಜಿಸಿದ್ದರು. 2020ರಲ್ಲಿ ಕೊರೋನಾ ಕಾಲದಲ್ಲಿ ರಂಗಮಂದಿರಗಳು ಮುಚ್ಚುವವರೆಗೂ ಅದರ ಓಟ ನಿಂತಿರಲಿಲ್ಲ, 2021ರ ಮೇ ತಿಂಗಳಲ್ಲಿ ಮತ್ತೆ ಆರಂಭವಾಯಿತು.